ಜೋಳವಾಳಿಯಿಂದ ಹರಾಜಿನವರೆಗೆ: ತಂಡ ಬದಲಿಸಿದ ಆಟಗಾರ ಮತ್ತು ಜನಾಭಿಮಾನ

೧

ಹೆಸರಾಂತ ಆಟಗಾರನೊಬ್ಬನು ತಾನು ಆಡುತ್ತಿದ್ದ ತಂಡವನ್ನು ಬಿಟ್ಟು ಮತ್ತೊಂದು ತಂಡವನ್ನು ಸೇರಿದಾಗ, ಅವನನ್ನು ಮೆಚ್ಚಿಕೊಂಡಿದ್ದ ಜನರಲ್ಲಿ ಉಂಟಾಗುವ ಕ್ಷೋಭೆಯು ನಮ್ಮ ಕಾಲದ ಸಮಾಜಜೀವನದ ಒಂದು ಗಮನಾರ್ಹ ಸಂಗತಿಯಾಗಿದೆ. ನಿನ್ನೆಯವರೆಗೆ ಅವನ ಹೆಸರನ್ನು ಅಂಗಿಯ ಬೆನ್ನಿನ ಮೇಲೆ ಬರೆಸಿಕೊಂಡು ತಿರುಗಿದವರೇ ಇಂದು ಅವನನ್ನು ದ್ರೋಹಿಯೆಂದು ಕರೆಯುತ್ತಾರೆ. ಆ ಅಂಗಿಯನ್ನು ಬೀದಿಯಲ್ಲಿ ಸುಡುವವರೂ ಉಂಟು. ಮತ್ತೆ ಕೆಲವು ಸಂದರ್ಭಗಳಲ್ಲಿ ಇದೇ ಜನರು ಹೋದವನನ್ನು ಒಂದು ಮಾತೂ ಅನ್ನದೆ, ಕಳುಹಿಸಿಕೊಟ್ಟವರ ಮೇಲೆ ಸಿಟ್ಟಾಗುತ್ತಾರೆ. ಇವೆರಡಕ್ಕೂ ಕಾರಣವೇನು?

ಇದನ್ನು ಆಟದ ಹುಚ್ಚೆಂದು ತಳ್ಳಿಹಾಕುವುದು ಸುಲಭ. ಆದರೆ ಇಂತಹ ಸಂದರ್ಭಗಳಲ್ಲಿ ಜನರ ಬಾಯಿಂದ ಹೊರಡುವ ಮಾತುಗಳನ್ನು ಗಮನಿಸಿದರೆ ಇತಿಹಾಸದ ವಿದ್ಯಾರ್ಥಿಗೆ ಅವು ಪರಿಚಿತವೆಂದೇ ತೋರುತ್ತವೆ. 'ಉಂಡ ಮನೆಗೆ ಎರಡು ಬಗೆದ', 'ಉಪ್ಪಿನ ಋಣ ಮರೆತ', 'ನಮ್ಮವನೇ ನಮಗೆ ಎದುರಾದ' ಎಂಬ ನುಡಿಗಳು ಕ್ರೀಡಾಂಗಣದಲ್ಲಿ ಹುಟ್ಟಿದವಲ್ಲ. ಅವು ರಣಾಂಗಣದಿಂದ ಬಂದವು. ಒಡೆಯ ಮತ್ತು ಭಟ ಇವರ ನಡುವಣ ಋಣದ ಕಲ್ಪನೆಯೊಂದು ಸಾವಿರ ವರ್ಷಗಳಿಗೂ ಹಿಂದಿನಿಂದ ಕನ್ನಡ ನಾಡಿನಲ್ಲಿ ಬೇರೂರಿದ್ದು, ರಾಜ್ಯಗಳು ಅಳಿದ ಮೇಲೂ ನುಡಿಯಲ್ಲಿ ಉಳಿದು, ಈಗ ಆಟಗಾರನ ಕೊರಳಿಗೆ ಬಿದ್ದಿದೆ. ಆ ಋಣದ ಮೂಲಸ್ವರೂಪವೇನು, ಈಗಿನ ಆಟಗಾರನಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. ಇದಕ್ಕೆ ಬೇಕಾದ ನಿದರ್ಶನಗಳಲ್ಲಿ ಕೆಲವು ನಮ್ಮ ಕಂಪ್ಲಿ, ಆನೆಗೊಂದಿ, ಹಂಪೆಗಳ ಪರಿಸರದಲ್ಲಿಯೇ ದೊರೆಯುವುದರಿಂದ ಅವುಗಳಿಗೆ ಇಲ್ಲಿ ಹೆಚ್ಚಿನ ಸ್ಥಳವನ್ನು ಕೊಡಲಾಗಿದೆ.

೨

ಪ್ರಾಚೀನ ಕರ್ನಾಟಕದ ಶಾಸನಗಳಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಎರಡು ಪದಗಳು ಕಂಡುಬರುತ್ತವೆ. ಒಡೆಯನ ಜೋಳವನ್ನು ಉಂಡುದಕ್ಕೆ ಪ್ರತಿಯಾಗಿ ಅವನ ಪಕ್ಷದಲ್ಲಿ ಹೋರಾಡುವ ಹೊಣೆಯೇ ಜೋಳವಾಳಿ. ಜೋಳದಪಾಳಿ ಎಂಬ ರೂಪವೂ ಉಂಟು. ಒಡೆಯನ ಮರಣದ ವೇಳೆಗೆ ತಾನೂ ಪ್ರಾಣವನ್ನು ಬಿಡುವೆನೆಂಬ ಪ್ರತಿಜ್ಞೆ ವೇಳೆವಾಳಿ. ಈ ಸಂಪ್ರದಾಯಗಳನ್ನು ಡಾ. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ಪ್ರಕಟವಾದ ತಮ್ಮ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ವಿವೇಚಿಸಿದ್ದಾರೆ. ವೇಳೆವಾಳಿಯ ಪರಮಾವಧಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭದಲ್ಲಿ ನೋಡಬಹುದು. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು ತನ್ನ ಒಡೆಯನು ತೀರಿಕೊಂಡಾಗ ಪರಿವಾರಸಮೇತನಾಗಿ ಪ್ರಾಣತ್ಯಾಗ ಮಾಡಿದನೆಂದು ಆ ಸ್ತಂಭಶಾಸನವು ಸಾರುತ್ತದೆ.

ಆದರೆ ಈ ಋಣವು ಏಕಮುಖವಾದುದೆಂದು ತಿಳಿಯುವುದು ತಪ್ಪು. ಭಟನು ಒಡೆಯನಿಗೆ ಋಣಿಯಾಗಿದ್ದಂತೆಯೇ ಒಡೆಯನೂ ಭಟನಿಗೆ ಋಣಿಯಾಗಿದ್ದನು. ಗೆದ್ದು ಬಂದ ವೀರನ ಕತ್ತಿಯನ್ನು ತೊಳೆದು ಕೊಡುತ್ತಿದ್ದ ಭೂಮಿಗೆ ಬಾಳ್ಗಳ್ಚು ಎಂದೂ, ಸತ್ತ ವೀರನ ಕುಟುಂಬಕ್ಕೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದೂ ಹೆಸರು. ಶಕ ೮೭೨ರ ಆತಕೂರು ಶಾಸನವು ಇದಕ್ಕೆ ಒಳ್ಳೆಯ ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನನ್ನು ಮೆಚ್ಚಿ, ಗಂಗರ ಇಮ್ಮಡಿ ಬೂತುಗನು ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಕಾದಾಡಿ ಮಡಿದಾಗ ಅದಕ್ಕೂ ಕಲ್ಲು ನಿಂತಿತು. ಮಣಲೇರನಿಗೆ ಬಾಳ್ಗಳ್ಚಾಗಿ ಊರುಗಳು ದೊರೆತುವು. ಜೋಳವಾಳಿಯು ಕೊಡುಕೊಳ್ಳುವಿಕೆಯ ಸಂಬಂಧವಾಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಸಾಹಿತ್ಯದಲ್ಲಿ ಈ ಋಣದ ಮೂರ್ತಿಯೆಂದರೆ ಕರ್ಣ. ಕ್ರಿ. ಶ. ೯೪೧ರಲ್ಲಿ ರಚಿತವಾದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ, ಯುದ್ಧಕ್ಕೆ ಮುಂಚೆ ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿ ಪಾಂಡವರ ಪಕ್ಷಕ್ಕೆ ಕರೆಯುತ್ತಾನೆ. ಗೆಲ್ಲುವ ಪಕ್ಷ, ಸ್ವಂತ ತಮ್ಮಂದಿರು, ಹಿರಿಯನಾದ ತನಗೇ ಸಲ್ಲುವ ಪಟ್ಟ, ಇಷ್ಟೂ ಎದುರಿಗೆ ಬಂದರೂ ಕರ್ಣನು ದುರ್ಯೋಧನನ ಉಪಕಾರವನ್ನು ಮರೆಯಲಾರೆನೆಂದು ನಿರಾಕರಿಸುತ್ತಾನೆ. ಕನ್ನಡಿಗರು ಇಂದಿಗೂ ಕರ್ಣನನ್ನು ನೆನೆದು ಮರುಗುವುದು ಅವನ ದಾನಗುಣಕ್ಕೆ ಮಾತ್ರವಲ್ಲ, ಪಕ್ಷವನ್ನು ಬದಲಿಸದ ಈ ನಿಲುವಿಗೂ ಹೌದು.

ಇದಕ್ಕೆ ಎದುರಾಗಿ ಕವಿ ರನ್ನನ ಜೀವನವನ್ನು ಇರಿಸಿ ನೋಡಬಹುದು. ಮುದುವೊಳಲಿನ ಈ ಕವಿ ಮೊದಲು ಗಂಗರ ಮಂತ್ರಿಯಾದ ಚಾವುಂಡರಾಯನ ಆಶ್ರಯದಲ್ಲಿದ್ದು, ಅನಂತರ ಚಾಲುಕ್ಯ ತೈಲಪನ ಆಸ್ಥಾನವನ್ನು ಸೇರಿ ಕವಿಚಕ್ರವರ್ತಿಯೆನಿಸಿದನು. ಗಂಗರು ರಾಷ್ಟ್ರಕೂಟರ ಪಕ್ಷದವರು. ತೈಲಪನು ರಾಷ್ಟ್ರಕೂಟರನ್ನು ೯೭೩ರಲ್ಲಿ ಕೆಡವಿದವನು. ಹೀಗೆ ಕುಸಿದ ಪಕ್ಷದ ಕಡೆಯಿಂದ ಗೆದ್ದ ಪಕ್ಷದ ಕಡೆಗೆ ಬಂದ ರನ್ನನನ್ನು ನಮ್ಮಲ್ಲಿ ಯಾರೂ ದ್ರೋಹಿಯೆಂದು ಕರೆದಿಲ್ಲ. ವಿದ್ಯೆಯನ್ನು ಹೊತ್ತು ಆಶ್ರಯವನ್ನು ಅರಸುವುದು ವಿದ್ವಾಂಸನ ಸಹಜಧರ್ಮವೆಂದು ಸಮಾಜವು ಒಪ್ಪಿದ್ದಿತು. ಭಟನಿಗೆ ಒಂದು ನೀತಿ, ಕವಿಗೆ ಒಂದು ನೀತಿ. ಇಂದಿನ ಆಟಗಾರನು ಇವರಲ್ಲಿ ಯಾರ ಸಾಲಿಗೆ ಸೇರತಕ್ಕವನು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ.

೩

ಇನ್ನು ನಮ್ಮ ಪ್ರದೇಶಕ್ಕೆ ಬರಬಹುದು. ಮೆಟ್ರಿಯೇ ಮೊದಲಾದ ಹಳ್ಳಿಗಳನ್ನು ಒಳಗೊಂಡ ಇಂದಿನ ಕಂಪ್ಲಿ ಸೀಮೆಯು ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನ ರಾಜ್ಯದ ನಡುನಾಡಾಗಿದ್ದಿತು. ದೆಹಲಿಯ ಮಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಶಾಸ್ಪನು ಕಂಪಿಲರಾಯನ ಮರೆಹೊಕ್ಕನು. ರಾಯನು ಅವನನ್ನು ಒಪ್ಪಿಸಲು ನಿರಾಕರಿಸಿ ೧೩೨೭ರ ಸುಮಾರಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ಈ ಪ್ರಸಂಗವನ್ನು ವಿವರಿಸಿದ್ದಾನೆ. ಮರೆಹೊಕ್ಕವನನ್ನು ಕಾಯುವುದು ಒಡೆಯನ ಹೊಣೆಯೆಂಬ ನಂಬಿಕೆಗೆ ಇದು ಜ್ವಲಂತವಾದ ಉದಾಹರಣೆ.

ಕಂಪಿಲರಾಯನ ಮಗನಾದ ಕುಮಾರರಾಮನ ಕಥೆಯು ಜನಪದದಲ್ಲಿಯೂ ನಂಜುಂಡನ 'ರಾಮನಾಥ ಚರಿತೆ'ಯೇ ಮೊದಲಾದ ಕಾವ್ಯಗಳಲ್ಲಿಯೂ ಬೆಳೆದುಬಂದಿದೆ. ಚೆಂಡಾಟದಲ್ಲಿ ಅರಮನೆಯೊಳಕ್ಕೆ ಬಿದ್ದ ಚೆಂಡನ್ನು ತರಲು ಹೋದ ರಾಮನ ಮೇಲೆ ಮಲತಾಯಿ ರತ್ನಾಜಿಯು ಸುಳ್ಳು ಆಪಾದನೆಯನ್ನು ಹೊರಿಸುತ್ತಾಳೆ. ತಂದೆ ಮಗನ ತಲೆಯನ್ನು ತೆಗೆಯಲು ಆಜ್ಞೆಮಾಡುತ್ತಾನೆ. ಮಂತ್ರಿ ಬೈಚಪ್ಪನು ಅವನನ್ನು ಬಚ್ಚಿಟ್ಟು ಉಳಿಸುತ್ತಾನೆ. ವೈರಿಯ ಸೈನ್ಯ ಮುತ್ತಿದಾಗ, ತನ್ನ ತಲೆಯನ್ನು ತೆಗೆಯಲು ಹೇಳಿದ ಅದೇ ತಂದೆಯ ಪರವಾಗಿ ರಾಮನು ಹೊರಬಂದು ಕಾದುತ್ತಾನೆ. ಕಥೆಯಲ್ಲಿ ಇತಿಹಾಸದ ಅಂಶವೆಷ್ಟು ಎಂಬುದು ಬೇರೆಯ ಮಾತು. ಅನ್ಯಾಯ ಮಾಡಿದ ಪಕ್ಷವನ್ನೂ ಬಿಡದ ವೀರನನ್ನು ಜನರು ದೈವವೆಂಬಂತೆ ಕಂಡರೆಂಬುದು ಇಲ್ಲಿ ಮುಖ್ಯ.

ಆದರೆ ಅದೇ ಕಂಪಿಲಿಯ ಅವಶೇಷದಿಂದ ಎದ್ದ ವಿಜಯನಗರದ ಸ್ಥಾಪಕರ ವಿಷಯದಲ್ಲಿ ಸಂಪ್ರದಾಯದ ಧ್ವನಿಯೇ ಬೇರೆ. ಹರಿಹರ ಬುಕ್ಕರು ಕಂಪಿಲಿಯ ಸೇವೆಯಲ್ಲಿದ್ದು, ಸೆರೆಸಿಕ್ಕಿ ದೆಹಲಿಗೆ ಹೋಗಿ, ದೆಹಲಿಯ ಪರವಾಗಿ ಮರಳಿ ಬಂದು, ಕೊನೆಗೆ ಸ್ವತಂತ್ರರಾದರೆಂದು ಒಂದು ಸಂಪ್ರದಾಯ. ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಎರಡೆರಡು ಬಾರಿ ಒಡೆತನವನ್ನು ಬದಲಿಸಿದವರೆಂದು ಕಥೆ ಹೇಳುವ ಈ ಸಹೋದರರನ್ನು ಅದೇ ಕಥೆಯನ್ನು ಹೇಳಿಕೊಂಡು ಬಂದವರು ನಿಂದಿಸಲಿಲ್ಲ. ಮುಂದೆ ಅವರು ಕಟ್ಟಿದುದೇ ಹಿಂದಿನ ಬದಲಾವಣೆಗಳಿಗೆ ಸಮರ್ಥನೆಯಾಯಿತು.

ವಿಜಯನಗರದ ಕಾಲದಲ್ಲಿ ದಖ್ಖನ್ನಿನ ಒಂದು ಆಸ್ಥಾನದಿಂದ ಮತ್ತೊಂದಕ್ಕೆ ವೀರರು ಹೋಗಿಬರುವುದು ಅಸಾಮಾನ್ಯವೇನೂ ಆಗಿರಲಿಲ್ಲ. ಇಮ್ಮಡಿ ದೇವರಾಯನು ಮುಸಲ್ಮಾನ ಬಿಲ್ಲಾಳುಗಳನ್ನೂ ಸವಾರರನ್ನೂ ವಿಶೇಷವಾಗಿ ನೇಮಿಸಿಕೊಂಡನು. ಅವನ ಸೇವಕನಾದ ಅಹಮದಖಾನನು ೧೪೩೯ರಲ್ಲಿ ರಾಯನ ಪುಣ್ಯಾರ್ಥವಾಗಿ ಕಟ್ಟಿಸಿದ ಧರ್ಮಸಾಲೆಯು ಇಂದಿಗೂ ಹಂಪೆಯಲ್ಲಿದೆ. ಹೊರಗಿನಿಂದ ಬಂದವನೂ ಜೋಳವಾಳಿಯ ಭಾಷೆಯಲ್ಲಿಯೇ ಕೃತಜ್ಞತೆಯನ್ನು ತೋರಿದುದಕ್ಕೆ ಅದು ಗುರುತು. ರಾಮರಾಯನೇ ಮೊದಲು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನೆಂದೂ, ತನ್ನ ವಶದಲ್ಲಿದ್ದ ಕೋಟೆ ಬಿಜಾಪುರದವರ ಪಾಲಾಗಲು ಸುಲ್ತಾನನು ಅವನನ್ನು ಹೇಡಿಯೆಂದು ಹೊರಗಟ್ಟಿದನೆಂದೂ, ಅನಂತರವೇ ಅವನು ಕೃಷ್ಣದೇವರಾಯನ ಬಳಿಗೆ ಬಂದನೆಂದೂ ಗೋಲ್ಕೊಂಡದ ಒಂದು ಪಾರಸಿ ವೃತ್ತಾಂತ ಹೇಳುತ್ತದೆ. ಅಂದರೆ ಅವನು ಬಿಟ್ಟುಬಂದವನಲ್ಲ, ಬಿಡಲ್ಪಟ್ಟವನು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಆಟದ ವಿಷಯವನ್ನೇ ನೋಡುವುದಾದರೆ, ೧೫೨೦ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯೆಸನು ಮಹಾನವಮಿಯ ಜಟ್ಟಿಗಳ ಕಾಳಗವನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂತಹ ಹೊಡೆತಗಳು, ಗೆದ್ದವರಿಗೆ ರೇಷ್ಮೆಯ ಬಟ್ಟೆಗಳು, ಜೋಡಿಗಳನ್ನು ಸರಿದೂಗಿಸಿ ಗೌರವವನ್ನು ನಿರ್ಣಯಿಸಲು ನಾಯಕರು ಮತ್ತು ತೀರ್ಪುಗಾರರು, ಇವೆಲ್ಲವೂ ಅವನ ಬರಹದಲ್ಲಿವೆ. ಜಟ್ಟಿಯನ್ನು ಸಾಕುವವನು ರಾಯ, ಮೆಚ್ಚುವವನು ರಾಯ. ಸುತ್ತ ನೆರೆದ ಜನರು ನೋಡಿ ಆನಂದಿಸುವವರು. ಜಟ್ಟಿಯ ಮೇಲೆ ಋಣದ ಹಕ್ಕು ಇದ್ದುದು ಸಾಕಿದವನಿಗೆ. ನೋಟಕರಿಗೂ ಅಂತಹ ಹಕ್ಕಿದೆಯೆಂಬ ಭಾವನೆ ತೀರ ಈಚಿನದು.

ಈ ಭಾಗದ ಚರ್ಚೆಯನ್ನು ಮುಗಿಸುವ ಮುನ್ನ ೧೫೬೫ರ ಜನವರಿ ೨೩ರ ಯುದ್ಧವನ್ನು ಸ್ಮರಿಸಲೇಬೇಕು. ಎರಡು ವರ್ಷಗಳ ಅನಂತರ ಹಾಳಾದ ರಾಜಧಾನಿಯಲ್ಲಿ ಏಳು ತಿಂಗಳು ತಂಗಿದ್ದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕನು, ರಾಯನ ಸೈನ್ಯದ ಇಬ್ಬರು ಮುಸಲ್ಮಾನ ನಾಯಕರು ಯುದ್ಧದ ನಡುವೆ ತಿರುಗಿಬಿದ್ದುದೇ ಸೋಲಿಗೆ ಕಾರಣವೆಂದು ಬರೆದಿದ್ದಾನೆ. ನಾಲ್ಕು ಸುಲ್ತಾನರ ಕೂಟ, ಅವರ ಫಿರಂಗಿಗಳು, ವೃದ್ಧನಾದ ರಾಮರಾಯನು ಸೆರೆಸಿಕ್ಕಿ ಹತನಾದಾಗ ಸೈನ್ಯದಲ್ಲಿ ಉಂಟಾದ ದಿಗಿಲು ಮುಂತಾದ ಬೇರೆ ಕಾರಣಗಳನ್ನು ವಿದ್ವಾಂಸರು ತೂಗಿ ನೋಡಿದ್ದಾರೆ. ಹಾಗಿದ್ದರೂ ಜನರ ನೆನಪಿನಲ್ಲಿ ಭದ್ರವಾಗಿ ನಿಂತಿರುವುದು ಆ ಇಬ್ಬರ ದ್ರೋಹ. ಸೋತ ಪಕ್ಷಕ್ಕೆ ಸೋಲಿನ ಹಲವು ಕಾರಣಗಳಿಗಿಂತ ಒಬ್ಬ ದ್ರೋಹಿ ಹೆಚ್ಚು ಬೇಕಾಗುತ್ತಾನೆ. ಆಟದ ಜಗತ್ತಿನಲ್ಲಿಯೂ ಈ ಮನೋಧರ್ಮವೇ ಕಂಡುಬರುತ್ತದೆಂಬುದನ್ನು ಮುಂದೆ ನೋಡೋಣ.

೪

ಆಟಗಾರನು ತನ್ನ ಇಚ್ಛೆಯಿಂದ ತಂಡವನ್ನು ಬದಲಿಸುವ ಹಕ್ಕು ಸ್ಪಷ್ಟರೂಪವನ್ನು ತಾಳಿದುದು ಅಮೆರಿಕದಲ್ಲಿ. ಅಲ್ಲಿ ಬಹುಕಾಲ, ಒಮ್ಮೆ ಒಂದು ತಂಡದೊಡನೆ ಕರಾರು ಮಾಡಿಕೊಂಡ ಆಟಗಾರನು ಅವಧಿ ಮುಗಿದ ಮೇಲೂ ಆ ತಂಡದ ಸೊತ್ತಾಗಿಯೇ ಉಳಿಯುತ್ತಿದ್ದನು. ಮಾಲೀಕರು ಅವನನ್ನು ಮತ್ತೊಂದು ತಂಡಕ್ಕೆ ದಾಟಿಸಬಹುದಾಗಿತ್ತು, ಅವನು ಮಾತ್ರ ತಾನಾಗಿ ದಾಟುವಂತಿರಲಿಲ್ಲ. ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ಅವರು ತಮ್ಮನ್ನು ೧೯೬೯ರಲ್ಲಿ ಹೀಗೆ ದಾಟಿಸಿದುದನ್ನು ಒಪ್ಪದೆ ನ್ಯಾಯಾಲಯಕ್ಕೆ ಹೋದರು. ೧೯೭೨ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರು ಸೋತರೂ ಅವರೆತ್ತಿದ ಪ್ರಶ್ನೆ ಸೋಲಲಿಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಅವರು ೧೯೭೦ರಲ್ಲಿ ಹೂಡಿದ ದಾವೆ ೧೯೭೬ರಲ್ಲಿ ರಾಜಿಯಲ್ಲಿ ಮುಗಿದು ಬಂಧನವನ್ನು ಸಡಿಲಿಸಿತು. ೧೯೮೮ರಲ್ಲಿ ಕರಾರು ಮುಗಿದ ಹಿರಿಯ ಆಟಗಾರನು ಯಾವ ತಡೆಯೂ ಇಲ್ಲದೆ ಬೇರೆ ತಂಡವನ್ನು ಸೇರಬಹುದೆಂದಾಯಿತು. ಇದನ್ನೇ ಅಲ್ಲಿ ಫ್ರೀ ಏಜೆನ್ಸಿ ಎನ್ನುತ್ತಾರೆ.

ಈ ಹಕ್ಕನ್ನು ಬಳಸಿಕೊಂಡವರ ಮೇಲೆ ಜನರ ಕೋಪ ಎಷ್ಟು ತೀವ್ರವಾಗಬಹುದೆಂಬುದಕ್ಕೆ ಲೆಬ್ರಾನ್ ಜೇಮ್ಸ್ ಅವರ ಪ್ರಕರಣ ಪ್ರಸಿದ್ಧ. ಕ್ಲೀವ್‌ಲ್ಯಾಂಡ್ ನಗರಕ್ಕೆ ಸಮೀಪದ ಆಕ್ರನ್ನಿನಲ್ಲಿ ಹುಟ್ಟಿ, ಏಳು ವರ್ಷ ಕ್ಲೀವ್‌ಲ್ಯಾಂಡಿನ ತಂಡಕ್ಕೆ ಆಡಿದ ಅವರು, ೨೦೧೦ರ ಜುಲೈ ೮ರಂದು ತಾವು ಮಯಾಮಿಗೆ ಹೋಗುವುದಾಗಿ ದೂರದರ್ಶನದಲ್ಲಿ ಸಾರಿದರು. ಆ ರಾತ್ರಿಯೇ ಕ್ಲೀವ್‌ಲ್ಯಾಂಡಿನಲ್ಲಿ ಅವರ ಹೆಸರಿನ ಅಂಗಿಗಳು ಉರಿದವು. ತಂಡದ ಮಾಲೀಕರು ಬಹಿರಂಗ ಪತ್ರದಲ್ಲಿ ಅವರನ್ನು ದ್ರೋಹಿಯೆಂಬಂತೆ ನಿಂದಿಸಿ, ಅದಕ್ಕಾಗಿ ಒಂದು ಲಕ್ಷ ಡಾಲರುಗಳ ದಂಡವನ್ನು ತೆತ್ತರು. ೨೦೧೪ರಲ್ಲಿ ಜೇಮ್ಸ್ ಮರಳಿ ಬಂದರು. ೨೦೧೬ರಲ್ಲಿ ಆ ನಗರಕ್ಕೆ ಐವತ್ತೆರಡು ವರ್ಷಗಳ ಬಳಿಕ ಮೊದಲ ಪ್ರಮುಖ ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಬೆಂಕಿ ಹಚ್ಚಿದ ನಗರವೇ ಮೆರವಣಿಗೆ ಮಾಡಿತು. ಹರಿಹರ ಬುಕ್ಕರ ವಿಷಯದಲ್ಲಿ ಹೇಳಿದ ಮಾತು ಇಲ್ಲಿಯೂ ಸಲ್ಲುತ್ತದೆ: ಅನಂತರದ ಸಾಧನೆಯು ಹಿಂದಿನ ಬದಲಾವಣೆಯ ಅರ್ಥವನ್ನೇ ಬದಲಿಸಿತು.

೫

ನಮ್ಮ ದೇಶದಲ್ಲಿ ಪರಿಸ್ಥಿತಿ ಬೇರೆ. ೨೦೦೮ರಲ್ಲಿ ಆರಂಭವಾದ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿಯೂ ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿಯಲ್ಲಿಯೂ ಆಟಗಾರರನ್ನು ಮುಖ್ಯವಾಗಿ ಹರಾಜಿನಲ್ಲಿ ಕೊಳ್ಳುತ್ತಾರೆ. ತನ್ನ ಮೂಲಬೆಲೆಯನ್ನು ಹೇಳಿ ಹರಾಜಿಗೆ ನಿಂತ ಮೇಲೆ ಯಾವ ಊರಿನ ತಂಡಕ್ಕೆ ಹೋಗಬೇಕೆಂಬುದು ಆಟಗಾರನ ಕೈಯಲ್ಲಿಲ್ಲ. ಆದುದರಿಂದ ಇಲ್ಲಿ ಜನರ ಕೋಪವೂ ಬೇರೆ ದಿಕ್ಕಿಗೆ ಹರಿದಿದೆ.

ಶ್ರೀ ರಾಹುಲ್ ದ್ರಾವಿಡರು ೨೦೦೮ರಲ್ಲಿ ಬೆಂಗಳೂರು ತಂಡದ ಪ್ರತಿಷ್ಠಿತ ಆಟಗಾರರಾಗಿ ಹರಾಜಿಲ್ಲದೆಯೇ ಸೇರಿದವರು, ಅದರ ಮೊದಲ ನಾಯಕರು. ೨೦೧೧ರ ಹರಾಜಿಗೆ ಮುನ್ನ ಆ ತಂಡವು ವಿರಾಟ್ ಕೊಹ್ಲಿಯವರೊಬ್ಬರನ್ನೇ ಉಳಿಸಿಕೊಂಡಿತು. ದ್ರಾವಿಡರನ್ನು ರಾಜಸ್ಥಾನದ ತಂಡವು ಐದು ಲಕ್ಷ ಡಾಲರುಗಳಿಗೆ ಕೊಂಡಿತು. ಕನ್ನಡಿಗರಿಗೆ ಇದರಿಂದ ನೋವಾಯಿತು. ಆದರೆ ಆ ನೋವು ದ್ರಾವಿಡರ ಮೇಲೆ ತಿರುಗಲಿಲ್ಲ, ಬಿಟ್ಟುಕೊಟ್ಟ ಮಾಲೀಕರ ಮೇಲೆ ತಿರುಗಿತು. ಅದೇ ವರ್ಷ ಕೊಲ್ಕತ್ತದಲ್ಲಿ ಶ್ರೀ ಸೌರವ್ ಗಂಗೂಲಿಯವರನ್ನು ಯಾರೂ ಕೊಳ್ಳದೆ ಹೋದಾಗ ಅಭಿಮಾನಿಗಳು ಬೀದಿಗಿಳಿದು ಪ್ರತಿಭಟಿಸಿದರು. ೨೦೧೨ರ ಮೇ ತಿಂಗಳಲ್ಲಿ ಗಂಗೂಲಿಯವರು ಪುಣೆಯ ತಂಡದ ನಾಯಕರಾಗಿ ಈಡನ್ ಉದ್ಯಾನಕ್ಕೆ ಬಂದಾಗ ಸ್ವಂತ ಊರಿನ ಪ್ರೇಕ್ಷಕರೇ ಎರಡಾಗಿ ಒಡೆದರು. ಊರು ದೊಡ್ಡದೋ, ಊರಿನ ಮಗ ದೊಡ್ಡವನೋ ಎಂಬ ಪ್ರಶ್ನೆಗೆ ಅವರಲ್ಲಿ ಒಮ್ಮತದ ಉತ್ತರವಿರಲಿಲ್ಲ.

ಹಳ್ಳಿಯ ಆಟವಾದ ಕಬಡ್ಡಿಯ ನಿದರ್ಶನವೂ ಇಂತಹುದೇ. ದೆಹಲಿಯವರಾದ ಶ್ರೀ ಪವನ್ ಸೆಹ್ರಾವತ್ ಅವರು ಬೆಂಗಳೂರು ಬುಲ್ಸ್ ತಂಡದ ದಾಳಿಗಾರರಾಗಿ, ೨೦೧೯ರ ಜನವರಿ ೫ರ ಅಂತಿಮ ಪಂದ್ಯವೊಂದರಲ್ಲಿಯೇ ೨೨ ಅಂಕಗಳನ್ನು ಗಳಿಸಿ ತಂಡಕ್ಕೆ ಮೊದಲ ಪ್ರಶಸ್ತಿಯನ್ನು ತಂದುಕೊಟ್ಟರು. ಭಾಷೆ ಬೇರೆ, ಸೀಮೆ ಬೇರೆ. ಆದರೂ ಕನ್ನಡ ನಾಡಿನ ಹುಡುಗರು ಅವರನ್ನು ತಮ್ಮವರೆಂದೇ ತಿಳಿದರು. ೨೦೨೨ರ ಹರಾಜಿನಲ್ಲಿ ತಮಿಳು ತಲೈವಾಸ್ ತಂಡವು ಅವರನ್ನು ೨.೨೬ ಕೋಟಿ ರೂಪಾಯಿಗಳಿಗೆ ಕೊಂಡಿತು. ಅಕ್ಟೋಬರಿನಲ್ಲಿ ಹೊಸ ತಂಡದ ಪರವಾಗಿ ಬೆಂಗಳೂರಿನ ಅಂಕಣಕ್ಕೇ ಬಂದ ಅವರು ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟು ತಿಂದು ಆ ಋತುವಿನಿಂದಲೇ ಹೊರಗುಳಿದರು. ಮರುವರ್ಷ ತೆಲುಗು ಟೈಟನ್ಸ್ ತಂಡವು ಮತ್ತೂ ಹೆಚ್ಚಿನ ಬೆಲೆಗೆ ಅವರನ್ನು ಕೊಂಡಿತು. ಒಂದು ಮೊಣಕಾಲಿನ ಮೇಲೆ ನಿಂತ ಜೀವನೋಪಾಯವಿದು. ಆಟಗಾರನ ದುಡಿಮೆಯ ಕಾಲ ಎಷ್ಟು ಚಿಕ್ಕದು, ಎಷ್ಟು ಅನಿಶ್ಚಿತವೆಂಬುದನ್ನು ನೋಟಕರು ಮರೆಯುವುದುಂಟು.

ಇದಕ್ಕೆ ಎದುರಾದ ಪ್ರಕರಣವೆಂದರೆ ಶ್ರೀ ಹಾರ್ದಿಕ್ ಪಾಂಡ್ಯ ಅವರದು. ಗುಜರಾತಿನ ತಂಡಕ್ಕೆ ೨೦೨೨ರಲ್ಲಿ ಪ್ರಶಸ್ತಿಯನ್ನು ಗೆದ್ದುಕೊಟ್ಟ ನಾಯಕರಾದ ಅವರು ೨೦೨೩ರ ಕೊನೆಯಲ್ಲಿ ಹರಾಜಿಲ್ಲದೆ, ತಂಡಗಳ ಪರಸ್ಪರ ಒಪ್ಪಂದದ ಮೂಲಕ, ತಮ್ಮ ಹಳೆಯ ಮುಂಬಯಿ ತಂಡಕ್ಕೆ ಮರಳಿ ಶ್ರೀ ರೋಹಿತ್ ಶರ್ಮರ ಸ್ಥಾನದಲ್ಲಿ ನಾಯಕರಾದರು. ೨೦೨೪ರಲ್ಲಿ ಅಹಮದಾಬಾದಿನ ಜನರು ಬಿಟ್ಟುಹೋದವರೆಂದು ಕೂಗಿದರು. ಮುಂಬಯಿಯ ಜನರು ನಾಯಕತ್ವವನ್ನು ಕಸಿದುಕೊಂಡವರೆಂದು ಕೂಗಿದರು. ಅದೇ ವರ್ಷದ ಜೂನ್ ೨೯ರಂದು ವಿಶ್ವಕಪ್ಪಿನ ಅಂತಿಮ ಪಂದ್ಯದ ಕೊನೆಯ ಓವರನ್ನು ಎಸೆದು ಭಾರತವನ್ನು ಗೆಲ್ಲಿಸಿ ಬಂದಾಗ, ಮುಂಬಯಿಯ ಅದೇ ಕ್ರೀಡಾಂಗಣ ಅವರ ಹೆಸರನ್ನು ಜಯಘೋಷ ಮಾಡಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಇದು ಆಟಗಾರನು ತಾನೇ ಆರಿಸಿಕೊಂಡ ಹಾದಿಯೆಂದು ಜನರು ತಿಳಿದರು. ಆದುದರಿಂದ ಕೋಪವೆಲ್ಲ ಅವನ ಮೇಲೆಯೇ ಬಿದ್ದಿತು. ನಾಯಕನನ್ನು ನೇಮಿಸಿದ ತಂಡದ ಆಡಳಿತಕ್ಕೆ ಸೇರಬೇಕಾದ ಪಾಲೂ ಅವನ ಲೆಕ್ಕಕ್ಕೇ ಜಮೆಯಾಯಿತು.

ಈ ನಿದರ್ಶನಗಳನ್ನು ಒಟ್ಟಿಗೆ ನೋಡಿದರೆ ಒಂದು ಸೂತ್ರ ದೊರೆಯುತ್ತದೆ. ನಿರ್ಧಾರವು ಯಾರ ಕೈಯಲ್ಲಿತ್ತೆಂದು ಜನರು ನಂಬುತ್ತಾರೆಯೋ ಅವರೇ ದ್ರೋಹಿಗಳಾಗುತ್ತಾರೆ. ದ್ರಾವಿಡರು ಬಿಡಲ್ಪಟ್ಟವರು, ಅವರಿಗೆ ಅನುಕಂಪ. ಜೇಮ್ಸ್ ಬಿಟ್ಟುಹೋದವರು, ಅವರಿಗೆ ಬೆಂಕಿ. ಇಷ್ಟರಮಟ್ಟಿಗೆ ಜನರ ತೀರ್ಪಿನಲ್ಲಿ ಒಂದು ನ್ಯಾಯವಿದೆಯೆಂದು ಒಪ್ಪಬೇಕು. ಆದರೆ ಇದರಿಂದ ಒಂದು ವಿಪರೀತವೂ ಹುಟ್ಟುತ್ತದೆ. ಸರಕಿನಂತೆ ಮಾರಾಟವಾದಾಗ ಜನರ ಪ್ರೀತಿ ಆಟಗಾರನಿಗೆ ಉಳಿಯುತ್ತದೆ. ಸ್ವತಂತ್ರ ಮನುಷ್ಯನಂತೆ ನಿರ್ಧಾರ ಮಾಡಿದಾಗ ಅದು ತಪ್ಪಿಹೋಗುತ್ತದೆ.

೬

ಹಣದ ತಂಡಗಳನ್ನು ಬಿಟ್ಟು ರಾಜ್ಯದ ತಂಡಕ್ಕೆ ಬಂದರೆ ಋಣದ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಕರ್ನಾಟಕಕ್ಕೆ ಆಡುವುದೆಂದರೆ ನಾಡಿಗೆ ಆಡುವುದೆಂದು ಭಾವನೆ. ಬೇರೆ ರಾಜ್ಯಕ್ಕೆ ಆಡಬೇಕಾದರೆ ತವರಿನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಇದು ಒಡೆಯನು ಕೊಡುವ ಬಿಡುಗಡೆಯ ಆಧುನಿಕ ರೂಪ. ೨೦೧೩–೧೪ ಮತ್ತು ೨೦೧೪–೧೫ರಲ್ಲಿ ಕರ್ನಾಟಕಕ್ಕೆ ರಣಜಿ ಪ್ರಶಸ್ತಿಯನ್ನು ಗೆದ್ದುಕೊಟ್ಟ ನಾಯಕ ಶ್ರೀ ವಿನಯಕುಮಾರರು ೨೦೧೯ರಲ್ಲಿ ಪುದುಚೇರಿಯನ್ನು ಸೇರಿದರು. ಶ್ರೀ ರಾಬಿನ್ ಉತ್ತಪ್ಪನವರು ೨೦೧೭ರಲ್ಲಿ ಸೌರಾಷ್ಟ್ರವನ್ನೂ ಅನಂತರ ಕೇರಳವನ್ನೂ ಸೇರಿದರು. ಇವರಾರಿಗೂ ಅಂಗಿ ಸುಡುವಂತಹ ಬೀಳ್ಕೊಡುಗೆ ದೊರೆಯಲಿಲ್ಲ.

ಶ್ರೀ ಕರುಣ್ ನಾಯರರ ಪ್ರಸಂಗ ಇವೆಲ್ಲಕ್ಕಿಂತ ಮನಮುಟ್ಟುವಂತಹುದು. ೨೦೧೬ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ ೩೦೩ ಓಟಗಳನ್ನು ಹೊಡೆದ ಇವರು, ಕೆಲವೇ ವರ್ಷಗಳಲ್ಲಿ ಕರ್ನಾ­ಟಕದ ತಂಡದಲ್ಲಿಯೂ ಸ್ಥಾನವನ್ನು ಕಳೆದುಕೊಂಡರು. ೨೦೨೨ರ ಡಿಸೆಂಬರಿನಲ್ಲಿ ಕ್ರಿಕೆಟ್ಟನ್ನೇ ಉದ್ದೇಶಿಸಿ, ತಮಗೆ ಇನ್ನೊಂದು ಅವಕಾಶ ಕೊಡೆಂದು ಬಹಿರಂಗವಾಗಿ ಕೇಳಿಕೊಂಡರು. ೨೦೨೩ರಲ್ಲಿ ವಿದರ್ಭಕ್ಕೆ ಹೋದರು. ೨೦೨೪–೨೫ರ ರಣಜಿಯಲ್ಲಿ ೮೬೩ ಓಟಗಳನ್ನು ಗಳಿಸಿ, ಅಂತಿಮ ಪಂದ್ಯದಲ್ಲಿ ಶತಕವನ್ನೂ ಹೊಡೆದು ವಿದರ್ಭದ ಪ್ರಶಸ್ತಿಗೆ ಕಾರಣರಾದರು. ಅದೇ ಋತುವಿನ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಅವರ ನಾಯಕತ್ವದ ವಿದರ್ಭವನ್ನು ಎದುರಿಸಿದುದು ಕರ್ನಾಟಕವೇ, ಗೆದ್ದುದೂ ಕರ್ನಾಟಕವೇ. ಆದರೂ ಆ ದಿನಗಳಲ್ಲಿ ಕನ್ನಡಿಗರ ಮಾತಿನಲ್ಲಿ ಹೆಮ್ಮೆಗಿಂತ ಹೆಚ್ಚಾಗಿ ಕೇಳಿಬಂದುದು, ಇಂತಹವರನ್ನು ನಾವೇಕೆ ಕಳೆದುಕೊಂಡೆವೆಂಬ ಪಶ್ಚಾತ್ತಾಪ. ೨೦೨೫ರಲ್ಲಿ ಅವರು ಕರ್ನಾಟಕಕ್ಕೆ ಮರಳಿದರು. ಜೋಳವನ್ನು ಇಕ್ಕುವುದು ನಿಂತಮೇಲೆ ಜೋಳವಾಳಿಯನ್ನು ಕೇಳುವ ಹಕ್ಕಿಲ್ಲವೆಂಬ ಹಳೆಯ ನೀತಿಯನ್ನು ಜನರು ಇಲ್ಲಿ ತಾವಾಗಿಯೇ ಕಂಡುಕೊಂಡರೆಂದು ಹೇಳಬಹುದು.

೨೦೨೫ರ ಏಪ್ರಿಲ್ ೧೦ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದುದನ್ನೂ ಇದರೊಡನೆ ಓದಬೇಕು. ಬೆಂಗಳೂರಿನಲ್ಲಿ ಹುಟ್ಟಿ, ಮಂಗಳೂರಿನ ಬಳಿ ಬೆಳೆದ ಶ್ರೀ ಕೆ. ಎಲ್. ರಾಹುಲರು ಆ ಹೊತ್ತಿಗೆ ಬೆಂಗಳೂರು, ಹೈದರಾಬಾದು, ಪಂಜಾಬು, ಲಕ್ನೋ ತಂಡಗಳಿಗೆ ಆಡಿದ್ದರು. ೨೦೨೪ರ ನವೆಂಬರಿನ ಹರಾಜಿನಲ್ಲಿ ಅವರು ತವರಿನ ತಂಡಕ್ಕೆ ಮರಳಲೆಂದು ಬೆಂಗಳೂರಿನ ಅಭಿಮಾನಿಗಳು ಹಾರೈಸಿದ್ದರು. ೧೪ ಕೋಟಿಗೆ ಕೊಂಡುದು ದೆಹಲಿ. ಆ ದೆಹಲಿಯ ಪರವಾಗಿ ಬೆಂಗಳೂರಿನ ವಿರುದ್ಧ ಔಟಾಗದೆ ೯೩ ಓಟಗಳನ್ನು ಹೊಡೆದು ಗೆಲ್ಲಿಸಿದ ಮೇಲೆ, ರಾಹುಲರು ಬ್ಯಾಟಿನಿಂದ ನೆಲದ ಮೇಲೆ ವೃತ್ತವನ್ನೆಳೆದು ಅದರ ನಡುವೆ ಬ್ಯಾಟನ್ನು ಊರಿ, ಇದು ನನ್ನ ನೆಲವೆಂದು ಸನ್ನೆಮಾಡಿದರು. 'ಕಾಂತಾರ' ಚಲನಚಿತ್ರದಿಂದ ತಮಗೆ ಆ ಪ್ರೇರಣೆ ಬಂದಿತೆಂದು ಅನಂತರ ತಿಳಿಸಿದರು. ತಂಡಕ್ಕೆ ಎದುರಾಗಿ ನಿಂತು ನೆಲದ ಮೇಲೆ ಹಕ್ಕನ್ನು ಸಾರಿದ ಈ ಸನ್ನೆಯು ನಮ್ಮ ಪ್ರಶ್ನೆಯನ್ನು ತಲೆಕೆಳಗು ಮಾಡುತ್ತದೆ. ಊರು ಬೇರೆ, ಊರಿನ ಹೆಸರನ್ನು ಹೊತ್ತ ಸಂಸ್ಥೆ ಬೇರೆ. ಎರಡನೆಯದನ್ನು ಬಿಟ್ಟವನು ಮೊದಲನೆಯದನ್ನು ಬಿಟ್ಟಂತಾಗಲಿಲ್ಲ.

ಈ ವ್ಯತ್ಯಾಸವನ್ನು ನಮ್ಮ ಜಿಲ್ಲೆಯವರು ಬೇರೊಂದು ಬಗೆಯಲ್ಲಿ ಕಂಡಿದ್ದಾರೆ. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಳ್ಳಾರಿ ಟಸ್ಕರ್ಸ್ ಎಂಬ ತಂಡವಿದ್ದಿತು. ಹೆಸರು ಬಳ್ಳಾರಿಯದಾದರೂ ಆಟಗಳು ನಡೆಯುತ್ತಿದ್ದುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. ೨೦೧೯ರ ಪಂದ್ಯಾವಳಿಯ ಬಳಿಕ ಮೋಸದಾಟದ ತನಿಖೆಯ ನಡುವೆ ಆ ಲೀಗೇ ನಿಂತುಹೋಯಿತು. ೨೦೨೨ರಲ್ಲಿ ಅದರ ಸ್ಥಾನದಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿಗಳ ಹೆಸರಿನಲ್ಲಿ ತಂಡಗಳಾದವು. ಬಳ್ಳಾರಿಯ ಹೆಸರು ಉಳಿಯಲಿಲ್ಲ. ಇಲ್ಲಿ ಆಟಗಾರನು ಊರನ್ನು ಬಿಡಲಿಲ್ಲ, ತಂಡವೇ ಊರನ್ನು ಬಿಟ್ಟಿತು. ಆದರೆ ತಂಡವನ್ನು ದ್ರೋಹಿಯೆಂದು ಕರೆಯುವ ರೂಢಿ ನಮ್ಮ ನುಡಿಯಲ್ಲಿ ಇನ್ನೂ ಬೆಳೆದಿಲ್ಲ.

೭

ಮೇಲಣ ಚರ್ಚೆಯಿಂದ ಹೊರಡುವ ತೀರ್ಮಾನಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ತಂಡ ಬದಲಿಸಿದ ಆಟಗಾರನ ಮೇಲೆ ಬರುವ ದ್ರೋಹದ ಆರೋಪವು ಜೋಳವಾಳಿಯ ಪರಂಪರೆಯಿಂದ ಇಳಿದುಬಂದ ಭಾಷೆ. ಆ ಪರಂಪರೆಯಲ್ಲಿ ಋಣವು ಎರಡೂ ಕಡೆಯವರನ್ನು ಕಟ್ಟಿಹಾಕುತ್ತಿದ್ದಿತು. ಬಾಳ್ಗಳ್ಚು, ನೆತ್ತರುಗೊಡಗೆಗಳಿಲ್ಲದ ಜೋಳವಾಳಿ ಇರಲಿಲ್ಲ. ಇಂದಿನ ವ್ಯವಸ್ಥೆಯು ಈ ಜೋಡಿಯಲ್ಲಿ ಭಟನ ಹೊಣೆಯನ್ನು ಮಾತ್ರ ಉಳಿಸಿಕೊಂಡು ಒಡೆಯನ ಹೊಣೆಯನ್ನು ಕರಾರಿನ ಅವಧಿಗೆ ಇಳಿಸಿದೆ. ಮೂರು ವರ್ಷಕ್ಕೊಮ್ಮೆ ಬಿಟ್ಟುಕೊಡುವ ಹಕ್ಕು ಮಾಲೀಕನಿಗಿದ್ದರೆ, ಬಿಟ್ಟುಹೋಗುವ ಹಕ್ಕು ಆಟಗಾರನಿಗೂ ಇರಬೇಕಾದುದು ನ್ಯಾಯ. ಹಾಗಿಲ್ಲದಿದ್ದರೆ ನಾವು ಕೇಳುತ್ತಿರುವುದು ನಿಷ್ಠೆಯನ್ನಲ್ಲ, ಅಧೀನತೆಯನ್ನು.

ಅಭಿಮಾನಿಯ ನೋವು ಸುಳ್ಳೆಂದು ಇದರ ಅರ್ಥವಲ್ಲ. ಅವನು ಮಾಲೀಕನಲ್ಲ, ಕರಾರಿನಲ್ಲಿ ಅವನ ಸಹಿ ಇಲ್ಲ. ಆದರೆ ಟಿಕೇಟಿನ ದುಡ್ಡು ಅವನದು, ನಿದ್ದೆಗೆಟ್ಟ ರಾತ್ರಿಗಳು ಅವನವು, ಊರಿನ ಹೆಸರು ಅವನದು. ಜಟ್ಟಿಯನ್ನು ಸಾಕುತ್ತಿದ್ದ ರಾಯನ ಸ್ಥಾನದಲ್ಲಿ ಇಂದು ಸಾವಿರಾರು ಜನರು ಕಾಸಿಗೆ ಕಾಸು ಸೇರಿಸಿ ಕುಳಿತಿದ್ದಾರೆ. ಸಾಕುವವರು ತಾವೆಂಬ ಭಾವನೆ ಅವರಲ್ಲಿ ಬರುವುದು ಸಹಜ. ಆದರೆ ಸಾಕುವವನೆಂದು ಹೇಳಿಕೊಂಡ ಮೇಲೆ ಸಾಕುವವನ ಧರ್ಮವೂ ಅವನಿಗೆ ಸಲ್ಲುತ್ತದೆ. ಕಂಪಿಲರಾಯನು ಮರೆಹೊಕ್ಕವನಿಗಾಗಿ ರಾಜ್ಯವನ್ನೇ ತೆತ್ತನು. ನಮ್ಮಿಂದ ಅಷ್ಟನ್ನು ಯಾರೂ ಕೇಳುವುದಿಲ್ಲ. ದುಡಿಯುವ ಕಾಲ ಹತ್ತು ಹನ್ನೆರಡು ವರ್ಷಕ್ಕೆ ಮುಗಿದುಹೋಗುವ ಒಬ್ಬ ಮನುಷ್ಯನು ತನ್ನ ಮನೆಮಠವನ್ನು ನೋಡಿಕೊಂಡು ಹೊರಟಾಗ, ಅವನು ಆಡಿಹೋದ ಆಟಕ್ಕೆ ಕೃತಜ್ಞರಾಗಿರಬೇಕೆಂಬುದಷ್ಟೇ ಬೇಡಿಕೆ. ರನ್ನನಿಗೆ ಸಲ್ಲಿಸಿದ ಔದಾರ್ಯವನ್ನು ಆಟಗಾರನಿಗೂ ಸಲ್ಲಿಸಬಹುದು. ಅವನದೂ ಒಂದು ವಿದ್ಯೆಯೇ ಅಲ್ಲವೇ?

ಈ ವಿಷಯದಲ್ಲಿ ಸ್ಥಳೀಯವಾಗಿ ನಡೆಯಬೇಕಾದ ಕೆಲಸ ಬಹಳವಿದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸುತ್ತಿನ ಹಳ್ಳಿಗಳಲ್ಲಿ ಗರಡಿಮನೆಗಳ ನೆನಪುಳ್ಳ ಹಿರಿಯರು ಇನ್ನೂ ಇದ್ದಾರೆ. ಜಾತ್ರೆಯ ಕುಸ್ತಿಯಲ್ಲಿ ಒಂದೂರಿನ ಪೈಲವಾನನು ಮತ್ತೊಂದೂರಿನ ಪರವಾಗಿ ಕಣಕ್ಕಿಳಿದುದುಂಟೇ? ಆಗ ಅವನ ಊರಿನವರು ಅವನನ್ನು ಹೇಗೆ ಕಂಡರು, ಗೆದ್ದ ಊರು ಅವನಿಗೆ ಏನನ್ನು ಕೊಟ್ಟಿತು, ಮುಪ್ಪಿನಲ್ಲಿ ಅವನನ್ನು ನೋಡಿಕೊಂಡ ಊರು ಯಾವುದು? ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಈ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದಿಟ್ಟುಕೊಂಡರೆ, ವೀರಗಲ್ಲುಗಳಲ್ಲಿ ಬರೆಯದೆ ಹೋದ ಋಣದ ಇತಿಹಾಸವನ್ನು ಬರೆಯಲು ಅನುವಾಗುತ್ತದೆ.